ನೂರು ಫೈಲ್‌ಗಳಲ್ಲಿ ಬೇಕಾದ ಸಾಲು ಹುಡುಕುವುದು ಹೇಗೆ?

ಇಳಕಲ್‌ನ ಸೀರೆ ಅಂಗಡಿಯೊಂದರಲ್ಲಿ ದಿನದ ಆರ್ಡರ್‌ಗಳನ್ನು ದಿನಕ್ಕೊಂದು ಟೆಕ್ಸ್ಟ್ ಫೈಲ್‌ನಲ್ಲಿ ಬರೆದಿಡುತ್ತಾರೆ ಎಂದುಕೊಳ್ಳಿ. ಸಾಲಿಗೊಂದು ಆರ್ಡರ್: ಊರು, ದಡಿಯ ಬಗೆ, ಬಣ್ಣ, ಎಷ್ಟು ಸೀರೆ. ‘ಮುಧೋಳ,ಚಿಕ್ಕಿ ಪರಾಸ,ಹಸಿರು,6’ ಹೀಗೆ. ಫೈಲ್‌ನ ಹೆಸರು ಅಂದಿನ ತಾರೀಖು: 2025-06-14. ವರ್ಷ ಮೊದಲಿಟ್ಟರೆ ಫೈಲ್‌ಗಳು ತಾವಾಗಿಯೇ ಅನುಕ್ರಮವಾಗಿ ಕೂರುತ್ತವೆ. ಶ್ರಾವಣದ ಹೊತ್ತಿಗೆ ಇಂಥವು ನೂರಾಗಿರುತ್ತವೆ. ಬಾದಾಮಿಯಿಂದ ಎಷ್ಟು ಆರ್ಡರ್ ಬಂದವು ಎಂದು ಯಾರಾದರೂ ಕೇಳಿದರೆ, ಒಂದೊಂದೇ ಫೈಲ್ ತೆರೆಯುತ್ತ ಕೂತವರಿಗೆ ಸಂಜೆಯಾಗುತ್ತದೆ. ಆದೇಶಗಳನ್ನು ಟೈಪ್ ಮಾಡಿ ಕೆಲಸ ಮಾಡಿಸುವ ಕಿಟಕಿ, ಅಂದರೆ ಟರ್ಮಿನಲ್ ಗೊತ್ತಿದ್ದವರಿಗೆ ಒಂದು ಸಾಲಿನ ಕೆಲಸ.

ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನಲ್ಲಿ ಕಂಟ್ರೋಲ್, ಆಲ್ಟ್, ಟಿ ಒಟ್ಟಿಗೆ ಒತ್ತಿದರೆ ಟರ್ಮಿನಲ್ ತೆರೆದುಕೊಳ್ಳುತ್ತದೆ. ಮ್ಯಾಕ್‌ನಲ್ಲಿ ಅದು ಮೊದಲಿನಿಂದಲೇ ಇರುತ್ತದೆ. ವಿಂಡೋಸ್‌ನವರು ಅದರೊಳಗೇ ಲಿನಕ್ಸ್ ನಡೆಸುವ ಡಬ್ಲ್ಯೂಎಸ್‌ಎಲ್ ಹಾಕಿಕೊಳ್ಳಬೇಕು. ಆದೇಶಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದರೂ ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳೇ ಬೇಕು. ದೊಡ್ಡಕ್ಷರ ಹಾಕಿದರೆ ಲಿನಕ್ಸ್ ಗುರುತು ಹಿಡಿಯುವುದಿಲ್ಲ.

ಈಗ ಯಾವ ಫೋಲ್ಡರ್‌ನಲ್ಲಿದ್ದೇವೆ ಎಂದು ತಿಳಿಯಲು ‘ಪಿಡಬ್ಲ್ಯೂಡಿ’ (ರಸ್ತೆ ಮಾಡುವ ಇಲಾಖೆಯಲ್ಲ!), ಅಲ್ಲಿ ಏನೇನಿದೆ ಎಂದು ನೋಡಲು ‘ಎಲ್‌ಎಸ್’, ಬೇರೆ ಫೋಲ್ಡರ್‌ಗೆ ಹೋಗಲು ‘ಸಿಡಿ’. ಹೆಸರು ಪೂರ್ತಿ ಹೊಡೆಯುವುದು ಬೇಡ. ಒಂದೆರಡು ಅಕ್ಷರ ಹೊಡೆದು ಟ್ಯಾಬ್ ಒತ್ತಿ, ಉಳಿದದ್ದನ್ನು ಅದೇ ತುಂಬುತ್ತದೆ. ಟ್ಯಾಬ್ ರೂಢಿಯಾದರೆ ಅರ್ಧ ತಪ್ಪುಗಳು ಆಗುವುದೇ ಇಲ್ಲ.

ಫೈಲ್‌ಗಳೆಲ್ಲ ‘ಆರ್ಡರ್’ ಎಂಬ ಫೋಲ್ಡರ್‌ನಲ್ಲಿವೆ ಎಂದುಕೊಳ್ಳಿ. ಕೈಹಾಕುವ ಮೊದಲು ಅದರ ನಕಲು ಇಟ್ಟುಕೊಳ್ಳಿ: ‘ಸಿಪಿ -ಆರ್ ಆರ್ಡರ್ ಆರ್ಡರ್-ನಕಲು’. ಫೈಲ್, ಫೋಲ್ಡರ್‌ಗಳಿಗೆ ಕನ್ನಡ ಹೆಸರಿದ್ದರೂ ತೊಂದರೆಯಿಲ್ಲ. ಹೆಸರಿನ ನಡುವೆ ಜಾಗ ಬಿಟ್ಟಿದ್ದರೆ ಮಾತ್ರ ಇಡೀ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಬೇಕು.

ಇನ್ನು ‘ಸಿಡಿ ಆರ್ಡರ್’ ಎಂದು ಒಳಗೆ ಹೋಗಿ, ‘ಹೆಡ್ 2025-06-14’ ಎಂದು ಹೊಡೆಯಿರಿ. ಆ ಫೈಲ್‌ನ ಮೊದಲ ಹತ್ತು ಸಾಲು ಕಾಣುತ್ತವೆ. ಒತ್ತಕ್ಷರಗಳು ಕೆಳಗೆ ಕೂರದೆ ಪಕ್ಕಕ್ಕೆ ಸರಿದಂತೆ ಕಂಡರೆ ಗಾಬರಿಯಾಗಬೇಡಿ. ಹಲವು ಟರ್ಮಿನಲ್‌ಗಳಿಗೆ ಕನ್ನಡವನ್ನು ಸರಿಯಾಗಿ ಜೋಡಿಸಿ ತೋರಿಸಲು ಬರುವುದಿಲ್ಲ, ಫೈಲ್ ಕೆಟ್ಟಿರುವುದಿಲ್ಲ. ಆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೇ ಬಂದರೆ ಅದು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪಾದದ್ದು. ಮೊದಲು ಯುನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಇಲ್ಲದಿದ್ದರೆ ಎಷ್ಟು ಹುಡುಕಿದರೂ ಏನೂ ಸಿಗದು. ನಮ್ಮ ಕಡೆಯ ಹಳೆಯ ಕಡತಗಳಲ್ಲಿ ಇದೇ ದೊಡ್ಡ ತಲೆನೋವು.

ಹುಡುಕುವುದಕ್ಕೆ ‘ಗ್ರೆಪ್’. ಅಕ್ಷರಗಳು ಜಿ, ಆರ್, ಇ, ಪಿ.

ಗ್ರೆಪ್ ಬಾದಾಮಿ *

ನಕ್ಷತ್ರ ಎಂದರೆ ಈ ಫೋಲ್ಡರ್‌ನ ಎಲ್ಲ ಫೈಲ್‌ಗಳು. ‘2025-06*’ ಎಂದರೆ ಜೂನ್‌ನವು ಮಾತ್ರ. ಆದರೆ ಬಂದ ಸಾಲುಗಳನ್ನು ಒಮ್ಮೆ ಓದಿ ನೋಡಿ: ‘ಹುನಗುಂದ,ಗೋಮಿ,ಬಾದಾಮಿ,4’ ಕೂಡ ಅದರಲ್ಲಿದೆ. ಅದು ಊರಲ್ಲ, ಬಣ್ಣ! ಊರು ಸಾಲಿನ ಮೊದಲಿಗೇ ಬರುವುದರಿಂದ, ಸಾಲಿನ ಆರಂಭವನ್ನು ಸೂಚಿಸುವ ಟೋಪಿ ಚಿಹ್ನೆ ಹಾಕಿ:

ಗ್ರೆಪ್ '^ಬಾದಾಮಿ,' *

ಈಗ ಬಾದಾಮಿ ಊರಿನವು ಮಾತ್ರ ಬರುತ್ತವೆ. ಎಣಿಸಬೇಕಿದ್ದರೆ ಕೊನೆಗೆ ನಿಲುಗೆರೆ ಹಾಕಿ ‘ಡಬ್ಲ್ಯೂಸಿ -ಎಲ್’ ಸೇರಿಸಿ:

ಗ್ರೆಪ್ '^ಬಾದಾಮಿ,' * | ಡಬ್ಲ್ಯೂಸಿ -ಎಲ್

ಈ ನಿಲುಗೆರೆಗೆ ಪೈಪ್ ಎನ್ನುತ್ತಾರೆ. ಒಂದು ಆದೇಶದ ಫಲಿತಾಂಶವನ್ನು ಇನ್ನೊಂದರ ಕೈಗೆ ಕೊಡುತ್ತದೆ. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್ರಾಯ್ ಬಹುದಿನಗಳಿಂದ ಬೇಕೆಂದು ಹಟ ಹಿಡಿದದ್ದನ್ನು 1973ರಲ್ಲಿ ಕೆನ್ ಥಾಂಪ್ಸನ್ ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ಗೆ ಸೇರಿಸಿದರು. ಟರ್ಮಿನಲ್‌ನ ನಿಜವಾದ ಬಲ ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಯಾವ ದಡಿಗೆ ಎಷ್ಟು ಆರ್ಡರ್ ಬಂದಿದೆ ಎಂಬ ಪ್ರಶ್ನೆಯನ್ನೇ ನೋಡಿ:

ಕ್ಯಾಟ್ * | ಕಟ್ -ಡಿ, -ಎಫ್2 | ಸಾರ್ಟ್ | ಯುನಿಕ್ -ಸಿ

ಕ್ಯಾಟ್ ಎಲ್ಲ ಫೈಲ್‌ಗಳನ್ನು ಒಂದಾಗಿಸುತ್ತದೆ. ಕಟ್ ಅಲ್ಪವಿರಾಮದ ಪ್ರಕಾರ ಒಡೆದು ಎರಡನೆಯ ಕಾಲಂ ಕೊಡುತ್ತದೆ. ಸಾರ್ಟ್ ಒಂದೇ ಬಗೆಯವನ್ನು ಅಕ್ಕಪಕ್ಕ ತರುತ್ತದೆ, ಯುನಿಕ್ ಎಣಿಸುತ್ತದೆ. ಇದರ ಅಕ್ಷರಗಳು ಯು, ಎನ್, ಐ, ಕ್ಯೂ ಮಾತ್ರ. ಸಾರ್ಟ್ ಬಿಟ್ಟರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಯುನಿಕ್ ಪಕ್ಕದ ಸಾಲನ್ನಷ್ಟೇ ನೋಡುವುದು. ಎಣಿಕೆಯಾದದ್ದು ಆರ್ಡರ್‌ಗಳು, ಸೀರೆಗಳಲ್ಲ ಎಂಬುದೂ ನೆನಪಿರಲಿ. ಸೀರೆಗಳ ಮೊತ್ತಕ್ಕೆ ‘ಆಕ್’ ಎಂಬ ಇನ್ನೊಂದು ಆದೇಶ ಕಲಿಯಬೇಕು.

ಹೆಸರು ಬದಲಾಯಿಸಲು, ಜಾಗ ಬದಲಾಯಿಸಲು ‘ಎಂವಿ’. ಅಳಿಸಲು ‘ಆರ್‌ಎಂ’. ಇದು ಕಸದ ಬುಟ್ಟಿಗೆ ಹಾಕುವುದಿಲ್ಲ, ನೇರ ಅಳಿಸಿಬಿಡುತ್ತದೆ. ‘ಆರ್‌ಎಂ 2024*’ ಹೊಡೆಯುವ ಮುಂಚೆ ‘ಎಲ್‌ಎಸ್ 2024*’ ಹೊಡೆದು ಯಾವ ಫೈಲ್‌ಗಳು ಬರುತ್ತವೆ ನೋಡಿ. ಎಂವಿ, ಆರ್‌ಎಂ ಎರಡಕ್ಕೂ ‘-ಐ’ ಸೇರಿಸಿದರೆ ಅಳಿಸುವ ಅಥವಾ ಇನ್ನೊಂದರ ಮೇಲೆ ಬರೆಯುವ ಮುಂಚೆ ಕೇಳುತ್ತವೆ.

ಫಲಿತಾಂಶವನ್ನು ಫೈಲ್‌ಗೆ ಉಳಿಸಲು ‘>’ ಚಿಹ್ನೆ. ಹಳೆಯದು ಇದ್ದರೆ ಅಳಿದುಹೋಗುತ್ತದೆ. ಕೊನೆಗೆ ಸೇರಿಸಬೇಕಿದ್ದರೆ ‘>>’. ‘ಸಾರ್ಟ್ ಪಟ್ಟಿ > ಪಟ್ಟಿ’ ಎಂದು ಮಾತ್ರ ಎಂದೂ ಬರೆಯಬೇಡಿ. ಸಾರ್ಟ್ ಓದಲು ಶುರುಮಾಡುವ ಮೊದಲೇ ಬರೆಯುವ ಫೈಲ್ ಖಾಲಿಯಾಗಿರುತ್ತದೆ, ಓದಲು ಏನೂ ಉಳಿದಿರುವುದಿಲ್ಲ. ಅದೇ ಫೈಲ್‌ನಲ್ಲೇ ಬೇಕಿದ್ದರೆ ‘ಸಾರ್ಟ್ -ಓ ಪಟ್ಟಿ ಪಟ್ಟಿ’ ಎನ್ನಿ.