ಮೊಬೈಲ್ ಚಿಪ್‌ನ ಟೈಮರ್‌ಗೆ ಲಿನಕ್ಸ್ ಕರ್ನಲ್ ಡ್ರೈವರ್ ಬರೆಯುವ ಕ್ರಮ

ಆರ್ಮ್ ಆಧಾರಿತ ಮೊಬೈಲ್ ಚಿಪ್‌ಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಟೈಮರ್ ಸಿಗುತ್ತವೆ. ಒಂದು, ಪ್ರತಿ ಕೋರ್‌ಗೂ ಅಂಟಿಕೊಂಡೇ ಬರುವ ಆರ್ಮ್ ಜೆನೆರಿಕ್ ಟೈಮರ್. ಇನ್ನೊಂದು, ಚಿಪ್ ತಯಾರಕರು ಕೋರ್‌ಗಳ ಹೊರಗೆ ಇಟ್ಟಿರುವ, ಮೆಮೊರಿ ವಿಳಾಸದ ಮೂಲಕ ಓದಿ ಬರೆಯುವ ಟೈಮರ್. ಮೊದಲನೆಯದರ ಡ್ರೈವರ್ ಕರ್ನಲ್‌ನಲ್ಲಿ ಆಗಲೇ ಇದೆ. ಆದರೆ ಕೋರ್ ಗಾಢ ನಿದ್ರೆಗೆ ಹೋದಾಗ ಅದರ ಟೈಮರ್‌ಗೂ ಕರೆಂಟ್ ಹೋಗುತ್ತದೆ. ಆಗ ಕೋರನ್ನು ಎಬ್ಬಿಸಲು ಬೇಕಾಗುವುದೇ ಹೊರಗಿನ ಟೈಮರ್, ಮತ್ತು ಅದರ ಡ್ರೈವರ್ ನಾವೇ ಬರೆಯಬೇಕು.

ಜೆನೆರಿಕ್ ಟೈಮರ್‌ಗೆ ಡಿವೈಸ್ ಟ್ರೀಯಲ್ಲಿ (ಯಾವ ಹಾರ್ಡ್‌ವೇರ್ ಎಲ್ಲಿದೆ ಎಂದು ಕರ್ನಲ್‌ಗೆ ತಿಳಿಸುವ ಫೈಲ್) ಅದರ ನೋಡ್ ಸರಿಯಿದ್ದರೆ ಸಾಕು. ಇಂಟರಪ್ಟ್‌ಗಳ ಕ್ರಮ: ಸೆಕ್ಯೂರ್, ನಾನ್-ಸೆಕ್ಯೂರ್, ವರ್ಚುವಲ್, ಹೈಪರ್‌ವೈಸರ್. ಪಿಪಿಐ (ಪ್ರತಿ ಕೋರ್‌ಗೂ ಪ್ರತ್ಯೇಕವಾಗಿರುವ ಇಂಟರಪ್ಟ್) ಸಂಖ್ಯೆಗಳು ಸಾಮಾನ್ಯವಾಗಿ 13, 14, 11, 10. ಚಿಪ್ ಕೈಪಿಡಿಯಲ್ಲಿ ಇವೇ 29, 30, 27, 26 ಎಂದಿರುತ್ತವೆ; 16 ಕಳೆದು ಬರೆಯಿರಿ. ಫ್ರೀಕ್ವೆನ್ಸಿ ರಿಜಿಸ್ಟರ್‌ಗೆ ಬೂಟ್ ಫರ್ಮ್‌ವೇರ್ ಪ್ರತಿ ಕೋರ್‌ನಲ್ಲೂ ಬೆಲೆ ತುಂಬಬೇಕು. ಅದು ಬರೀ ಮಾಹಿತಿ, ಅದನ್ನು ಬದಲಿಸಿದರೆ ಹಾರ್ಡ್‌ವೇರ್ ವೇಗ ಬದಲಾಗದು. ನಿಜವಾದ ವೇಗ 19.2 ಮೆಗಾಹರ್ಟ್ಸ್ ಇದ್ದು ಅಲ್ಲಿ 24 ಎಂದಿದ್ದರೆ, 'ಸ್ಲೀಪ್ 60' ಎಂದಾಗ 75 ಸೆಕೆಂಡ್ ಹಿಡಿಯುತ್ತದೆ. ಡಿವೈಸ್ ಟ್ರೀಯಲ್ಲಿ ಕ್ಲಾಕ್-ಫ್ರೀಕ್ವೆನ್ಸಿ ಬರೆದು ಇದಕ್ಕೆ ತೇಪೆ ಹಾಕುವವರಿದ್ದಾರೆ. ಕರ್ನಲ್ ಸರಿಹೋದರೂ ರಿಜಿಸ್ಟರನ್ನು ನೇರ ಓದುವ ಪ್ರೋಗ್ರಾಂಗಳಿಗೆ ತಪ್ಪು ಬೆಲೆಯೇ ಸಿಗುತ್ತದೆ. ಫರ್ಮ್‌ವೇರನ್ನೇ ತಿದ್ದಿಸಿ.

ಇನ್ನು ಹೊರಗಿನ ಟೈಮರ್. ಕೋಡ್ ಮುಟ್ಟುವ ಮೊದಲು ಕೈಪಿಡಿಯಿಂದ ನಾಲ್ಕು ಸಂಗತಿ ಬರೆದಿಟ್ಟುಕೊಳ್ಳಿ: ಕೌಂಟರ್ ಎಷ್ಟು ಬಿಟ್, ಏರುತ್ತದೋ ಇಳಿಯುತ್ತದೋ, ಯಾವ ಕ್ಲಾಕ್‌ನಿಂದ ನಡೆಯುತ್ತದೆ, ಇಂಟರಪ್ಟ್ ಬರುವುದು ಸೊನ್ನೆ ಮುಟ್ಟಿದಾಗಲೋ ಅಥವಾ ಕಂಪೇರ್ ರಿಜಿಸ್ಟರ್‌ಗೆ ಸರಿಹೊಂದಿದಾಗಲೋ.

ಕ್ಲಾಕ್ ಆನ್ ಮಾಡುವುದು ಮೊದಲ ಕೆಲಸ. ಬೂಟ್‌ಲೋಡರ್ ಆಗಲೇ ಆನ್ ಮಾಡಿದೆ ಎಂದು ಬಿಟ್ಟರೆ, ಬೂಟ್‌ನ ಕೊನೆಯಲ್ಲಿ ಕರ್ನಲ್ ಯಾರೂ ಕೇಳದ ಕ್ಲಾಕ್‌ಗಳನ್ನೆಲ್ಲ ಆಫ್ ಮಾಡುತ್ತದೆ, ಫೋನ್ ಅಲ್ಲೇ ನಿಲ್ಲುತ್ತದೆ. ಬೂಟ್ ಪ್ಯಾರಾಮೀಟರ್‌ನಲ್ಲಿ 'ಕ್ಲಾಕ್-ಇಗ್ನೋರ್-ಅನ್‌ಯೂಸ್ಡ್' (clk_ignore_unused) ಕೊಟ್ಟಾಗ ಮುಂದೆ ಹೋದರೆ ರೋಗ ಇದೇ ಎಂದರ್ಥ. ಮೂಲ ಕ್ಲಾಕ್ ಆಗಿ ಆಸಿಲೇಟರನ್ನೇ ಆರಿಸಿ. ವೋಲ್ಟೇಜ್ ಜತೆ ವೇಗ ಬದಲಿಸುವ ಬಸ್ ಕ್ಲಾಕ್ ಬೇಡ.

ನಂತರ ಕೌಂಟರನ್ನು ಕ್ಲಾಕ್‌ಸೋರ್ಸ್ (ಕರ್ನಲ್ ಸಮಯ ಅಳೆಯಲು ಓದುವ ಕೌಂಟರ್) ಆಗಿಯೂ ಶೆಡ್ಯೂಲರ್ ಕ್ಲಾಕ್ (ಶೆಡ್ಯೂಲರ್ ಮತ್ತು ಕರ್ನಲ್ ಲಾಗ್ ಬಳಸುವ ಸಮಯ) ಆಗಿಯೂ ನೋಂದಾಯಿಸಿ. ಇಳಿಯುವ ಕೌಂಟರ್ ಆದರೆ ಓದಿದ ಬೆಲೆಯ ಬಿಟ್‌ಗಳನ್ನು ತಿರುಗಿಸಿ ಕೊಡಬೇಕು. ಬಿಟ್ ಸಂಖ್ಯೆಯಲ್ಲಿ ಸುಳ್ಳು ಹೇಳಬೇಡಿ: 24 ಮೆಗಾಹರ್ಟ್ಸ್‌ನ 32 ಬಿಟ್ ಕೌಂಟರ್ ಸುಮಾರು 179 ಸೆಕೆಂಡಿಗೊಮ್ಮೆ ಸೊನ್ನೆಗೆ ಮರಳುತ್ತದೆ. ಅದನ್ನು 64 ಎಂದು ಹೇಳಿದರೆ ಮೂರು ನಿಮಿಷ ಆಗುವಷ್ಟರಲ್ಲಿ ಕರ್ನಲ್ ಲಾಗ್‌ನ ಸಮಯ ಎಲ್ಲಿಗೋ ಜಿಗಿದಿರುತ್ತದೆ.

ಹೆಚ್ಚು ತಲೆನೋವು ಕೊಡುವುದು ಕ್ಲಾಕ್‌ಇವೆಂಟ್ (ಹೇಳಿದ ಹೊತ್ತಿಗೆ ಇಂಟರಪ್ಟ್ ಕೊಡುವ ಭಾಗ), ಅದರಲ್ಲೂ ಮುಂದಿನ ಇಂಟರಪ್ಟ್ ಯಾವಾಗ ಎಂದು ನಿಗದಿ ಮಾಡುವ ಸೆಟ್-ನೆಕ್ಸ್ಟ್-ಇವೆಂಟ್ ಫಂಕ್ಷನ್. ಕಂಪೇರ್ ಬಗೆಯ ಟೈಮರ್ ಎಂದಿಟ್ಟುಕೊಳ್ಳಿ. ಕೌಂಟರ್ ಈಗ 1000ದಲ್ಲಿದೆ, 20 ಟಿಕ್ ನಂತರ ಎಬ್ಬಿಸು ಎಂದು ಕರ್ನಲ್ ಕೇಳುತ್ತದೆ. 24 ಮೆಗಾಹರ್ಟ್ಸ್‌ನಲ್ಲಿ ಅದು 0.83 ಮೈಕ್ರೋಸೆಕೆಂಡ್. ನೀವು 1020 ಬರೆದದ್ದು ಬಸ್ ದಾಟಿ ತಲುಪುವಷ್ಟರಲ್ಲಿ ಕೌಂಟರ್ 1025 ಮುಟ್ಟಿದ್ದರೆ ಇನ್ನು ಸರಿಹೊಂದುವುದು ಒಂದು ಪೂರ್ತಿ ಸುತ್ತು ಆದ ಮೇಲೆ, ಅಂದರೆ 179 ಸೆಕೆಂಡ್ ಕಳೆದ ನಂತರ. ಫೋನ್ ಮೂರು ನಿಮಿಷ ಸತ್ತಂತಿದ್ದು ತಾನಾಗಿಯೇ ಜೀವ ಪಡೆಯಿತು ಎಂಬ ದೂರು ಬಂದರೆ ಮೊದಲು ಇಲ್ಲೇ ನೋಡಿ. ಪರಿಹಾರ: ಕಂಪೇರ್ ಬರೆದ ಮೇಲೆ ಕೌಂಟರನ್ನು ಮತ್ತೆ ಓದಿ, ಗುರಿಯಿಂದ ಕಳೆಯಿರಿ. 32 ಬಿಟ್ ಸೈನ್ಡ್ ಸಂಖ್ಯೆಯಾಗಿ ನೋಡಿದಾಗ ಉತ್ತರ ಸೊನ್ನೆ ಅಥವಾ ಋಣವಾದರೆ ಮೈನಸ್ ಇ-ಟೈಮ್ (-ETIME, ಸಮಯ ಆಗಲೇ ಮೀರಿದೆ ಎನ್ನುವ ಎರರ್ ಕೋಡ್) ಹಿಂತಿರುಗಿಸಿ. ಆಗ ಏನು ಮಾಡಬೇಕೆಂದು ಕರ್ನಲ್‌ಗೆ ಗೊತ್ತು.

32,768 ಹರ್ಟ್ಸ್‌ನಲ್ಲಿ ನಡೆಯುವ ಟೈಮರ್‌ನಲ್ಲಿ ಒಂದು ಟಿಕ್ ಅಂದರೆ 30.5 ಮೈಕ್ರೋಸೆಕೆಂಡ್. ಬರೆದ ಬೆಲೆ ನಿಧಾನದ ಕ್ಲಾಕ್‌ನ ಕಡೆಗೆ ದಾಟಲು ಕೆಲವು ಟಿಕ್ ಬೇಕಾಗಬಹುದು, ಕನಿಷ್ಠ ಡೆಲ್ಟಾವನ್ನು (ಕರ್ನಲ್ ಕೇಳಬಹುದಾದ ಅತಿ ಚಿಕ್ಕ ಅವಧಿ) ಅದಕ್ಕಿಂತ ಹೆಚ್ಚೇ ಇಡಿ.

ಇಂಟರಪ್ಟ್ ಹ್ಯಾಂಡ್ಲರ್‌ನಲ್ಲಿ ಮೊದಲು ಸ್ಟೇಟಸ್ ಬಿಟ್ ಅಳಿಸಿ, ಆಮೇಲೆ ಇವೆಂಟ್ ಹ್ಯಾಂಡ್ಲರ್ ಕರೆಯಿರಿ. ಅದರೊಳಗೇ ಮುಂದಿನ ಅವಧಿ ನಿಗದಿಯಾಗುತ್ತದೆ. ಅದು ತಕ್ಷಣ ಮುಗಿದುಬಿಟ್ಟರೆ, ಕೊನೆಯಲ್ಲಿ ಅಳಿಸುವ ಕೋಡ್ ಹೊಸ ಇಂಟರಪ್ಟನ್ನೂ ನುಂಗುತ್ತದೆ.

ಈಗ ನಿದ್ರೆಯ ವಿಷಯ. ಹೊರಗಿನ ಟೈಮರ್‌ಗೆ ಒನ್‌ಶಾಟ್ (ಒಂದೊಂದೇ ಅವಧಿ ನಿಗದಿ ಮಾಡಬಹುದು) ಮತ್ತು ಡೈನ್‌ಐಆರ್‌ಕ್ಯು (ಇಂಟರಪ್ಟನ್ನು ಬೇಕಾದ ಕೋರ್‌ಗೆ ತಿರುಗಿಸಬಹುದು) ಫೀಚರ್ ಕೊಡಿ, ಸಿ3ಸ್ಟಾಪ್ (ಗಾಢ ನಿದ್ರೆಯಲ್ಲಿ ನಿಲ್ಲುತ್ತದೆ ಎಂಬ ಗುರುತು) ಬೇಡ. ಸಿಪಿಯು ಮಾಸ್ಕ್‌ನಲ್ಲಿ ಎಲ್ಲ ಕೋರ್‌ಗಳೂ ಇರಲಿ. ರೇಟಿಂಗ್ (ಹೆಚ್ಚಿದ್ದಷ್ಟೂ ಕರ್ನಲ್‌ಗೆ ಆ ಟೈಮರ್ ಮೇಲೆ ಒಲವು) ಜೆನೆರಿಕ್ ಟೈಮರ್‌ನ 450ಕ್ಕಿಂತ ಸಾಕಷ್ಟು ಕಡಿಮೆ, 200–300ರ ಆಸುಪಾಸು ಸಾಕು. ಟೈಮರ್ ನಿಲ್ಲಿಸುವ ಐಡಲ್ ಸ್ಟೇಟ್‌ಗಳ ನೋಡ್‌ನಲ್ಲಿ 'ಲೋಕಲ್-ಟೈಮರ್-ಸ್ಟಾಪ್' ಬರೆಯಿರಿ. ಬೇರೆ ಬೋರ್ಡ್‌ನ ಫೈಲಿನಿಂದ ನಕಲು ಮಾಡುವಾಗ ಜೆನೆರಿಕ್ ಟೈಮರ್ ನೋಡ್‌ಗೆ 'ಆಲ್ವೇಸ್-ಆನ್' ನುಸುಳಿಬಿಡುತ್ತದೆ. ಆಗ ಕೋರ್ ಟೈಮರ್ ಎಂದೂ ನಿಲ್ಲದು ಎಂದು ಕರ್ನಲ್ ನಂಬಿ ಬ್ರಾಡ್‌ಕಾಸ್ಟನ್ನೇ (ಮಲಗಿದ ಕೋರ್‌ಗಳನ್ನು ಹೊರಗಿನ ಟೈಮರ್‌ನಿಂದ ಎಬ್ಬಿಸುವ ವ್ಯವಸ್ಥೆ) ಬಳಸದು. ಸ್ಕ್ರೀನ್ ಮುಟ್ಟುತ್ತಿದ್ದರೆ ಫೋನ್ ಸರಾಗ, ಕೈ ತೆಗೆದರೆ ಸ್ತಬ್ಧ. ಟಚ್ ಇಂಟರಪ್ಟ್ ಕೋರನ್ನು ಎಬ್ಬಿಸುತ್ತಿರುವುದೇ ಇದಕ್ಕೆ ಕಾರಣ.

ಪರೀಕ್ಷಿಸಲು ಪ್ರಾಕ್ ಅಡಿಯ ಟೈಮರ್-ಲಿಸ್ಟ್ ಫೈಲ್‌ನಲ್ಲಿ ಬ್ರಾಡ್‌ಕಾಸ್ಟ್ ಡಿವೈಸ್ ಸಾಲು ನೋಡಿ. ನಿಮ್ಮ ಟೈಮರ್ ಬದಲು 'ಬಿಸಿ-ಎಚ್‌ಆರ್‌ಟೈಮರ್' (ಹೊರಗಿನ ಟೈಮರ್ ಇಲ್ಲದಾಗ ಕರ್ನಲ್ ಬಳಸುವ ಸಾಫ್ಟ್‌ವೇರ್ ಬದಲಿ) ಕಂಡರೆ ನೋಂದಣಿ ಆಗಿಲ್ಲ. ಉಳಿದವರನ್ನು ಎಬ್ಬಿಸಲು ಒಂದು ಕೋರ್ ಗಾಢ ನಿದ್ರೆ ಬಿಟ್ಟು ಕಾಯುತ್ತಿದೆ. ಎಲ್ಲವೂ ಕೆಲಸ ಮಾಡುವುದರಿಂದ ಇದು ಯಾರ ಗಮನಕ್ಕೂ ಬರುವುದಿಲ್ಲ, ಬ್ಯಾಟರಿ ಮಾತ್ರ ಬೇಗ ಇಳಿಯುತ್ತದೆ.

ಸಸ್ಪೆಂಡ್‌ನಲ್ಲೂ ನಡೆಯುವ ಕೌಂಟರ್‌ಗೆ 'ಸಸ್ಪೆಂಡ್-ನಾನ್‌ಸ್ಟಾಪ್' ಫ್ಲ್ಯಾಗ್ ಕೊಡಬಹುದು. ಆದರೆ 24 ಮೆಗಾಹರ್ಟ್ಸ್‌ನ 32 ಬಿಟ್ ಕೌಂಟರ್‌ಗೆ ಬೇಡ: 179 ಸೆಕೆಂಡ್ ಮೀರಿದ ಸಸ್ಪೆಂಡ್‌ನಲ್ಲಿ ಸುತ್ತುಗಳು ಲೆಕ್ಕ ತಪ್ಪಿ ಗಡಿಯಾರ ಹಿಂದೆ ಬೀಳುತ್ತದೆ. ಅದೇ 32 ಬಿಟ್ 32,768 ಹರ್ಟ್ಸ್‌ನಲ್ಲಿ 36 ಗಂಟೆಗೂ ಮಿಕ್ಕಿ ಬಾಳುತ್ತದೆ. ಚಿಪ್‌ನಲ್ಲಿ ಅಂಥದ್ದಿದ್ದರೆ ಫ್ಲ್ಯಾಗ್ ಅದಕ್ಕೇ ಇರಲಿ.