ಮಾಜಿ ಸೈನಿಕರ ಜೊತೆ ಕೂತು ಯುದ್ಧದ ಸಾಕ್ಷ್ಯಚಿತ್ರ ನೋಡಿದ್ದು: ನನ್ನ ಅನುಭವ

ಕೊಡಗಿನಲ್ಲಿ ಯುದ್ಧವನ್ನು ಪ್ರಶ್ನಿಸುವ ಸಾಕ್ಷ್ಯಚಿತ್ರ ತೋರಿಸುತ್ತೇನೆ ಅಂದಾಗ ಗೆಳೆಯರೆಲ್ಲ ಬೇಡ ಅಂದರು. ಇದು ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ನೆಲ. ಕೈಲ್‌ಪೊಳ್ದ್ ಅನ್ನುವ ಆಯುಧ ಪೂಜೆಯ ಹಬ್ಬದ ದಿನ ಕೋವಿಗೆ ತೋಕ್‌ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುವ ಜಾಗ. ಮಿಲಿಟರಿ ಪೆನ್ಷನ್ ಬರುವ ಮನೆ ಪ್ರತಿ ಊರಲ್ಲೂ ಇದೆ. ಇಲ್ಲಿ ಜಗಳ ಆಗುತ್ತೆ ಅಂತ ಅವರ ಭಯ.

ನನ್ನ ಲೆಕ್ಕ ಬೇರೆ ಇತ್ತು. ಯುದ್ಧದ ಬಗ್ಗೆ ಸುಳ್ಳು ಹೇಳಿದರೆ ಥಟ್ ಅಂತ ಗುರುತಿಸುವವರು ಯುದ್ಧ ಮಾಡಿದವರೇ ಅಲ್ವಾ? ನನ್ನ ಅಪ್ಪ ಸುಬೇದಾರ್ ಆಗಿ ನಿವೃತ್ತರಾದವರು. ಟಿವಿಯಲ್ಲಿ ಯುದ್ಧ ಆಗಲೇಬೇಕು ಅಂತ ಕೂಗಾಟ ಶುರುವಾದರೆ ಎದ್ದು ತೋಟಕ್ಕೆ ಹೋಗಿಬಿಡುತ್ತಿದ್ದರು. ಯಾಕೆ ಅಂತ ಅವರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಅಂಥವರನ್ನು ಕೂರಿಸಿಕೊಂಡು ನೋಡಬೇಕು, ಅವರು ಏನು ಹೇಳುತ್ತಾರೋ ಕೇಳಬೇಕು ಅನ್ನೋದೇ ನನ್ನ ಆಸೆ.

ಮೊದಲ ಚಿತ್ರ ಆರಿಸುವಾಗ ತುಂಬಾ ಯೋಚಿಸಿದೆ. ದೊಡ್ಡ ದೊಡ್ಡ ವಾದ ಮಾಡುವ ಚಿತ್ರ ಬೇಡ, ಸೈನಿಕರೇ ಮಾತಾಡುವ ಚಿತ್ರ ಇರಲಿ ಅಂದುಕೊಂಡೆ. ಪತ್ರಕರ್ತ ಜಾನ್ ಪಿಲ್ಜರ್ 1970ರಲ್ಲಿ ಬ್ರಿಟನ್ನಿನ ಟಿವಿಗೆ ಮಾಡಿದ ‘ದಿ ಕ್ವೈಟ್ ಮ್ಯೂಟಿನಿ’ ಸಿಕ್ಕಿತು. ಅದು ಅವರ ಮೊದಲ ಸಾಕ್ಷ್ಯಚಿತ್ರ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ವಿಯೆಟ್ನಾಂನಲ್ಲಿದ್ದ ಅಮೆರಿಕದ ಹುಡುಗರು, ಅದರಲ್ಲೂ ಕಡ್ಡಾಯವಾಗಿ ಸೇನೆಗೆ ಸೇರಿಸಿದ ಹುಡುಗರು, ಈ ಯುದ್ಧದಲ್ಲಿ ನಮಗೆ ನಂಬಿಕೆಯೇ ಉಳಿದಿಲ್ಲ ಅಂತ ಕ್ಯಾಮೆರಾ ಮುಂದೆ ಹೇಳುತ್ತಾರೆ. ಅಧಿಕಾರಿಗಳ ಮೇಲೇ ಸೈನಿಕರು ಕೈ ಮಾಡುತ್ತಿದ್ದ ವಿಷಯವೂ ಅದರಲ್ಲಿದೆ. ಈ ಚಿತ್ರ ಬಂದಾಗ ಲಂಡನ್ನಿನಲ್ಲಿದ್ದ ಅಮೆರಿಕದ ರಾಯಭಾರಿ ದೂರು ಕೊಟ್ಟಿದ್ದರು.

ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ನಿವೃತ್ತ ಹವಾಲ್ದಾರರೊಬ್ಬರು ಎದ್ದರು. ನಾನು ಅವರನ್ನು ಮಾವ ಅಂತಲೇ ಕರೆಯುವುದು. "ನೋಡಮ್ಮ, ಮೇಲಿನವರ ಮೇಲೆ ಕೈ ಎತ್ತೋದನ್ನ ನಾನು ಒಪ್ಪಲ್ಲ. ಅದು ತಪ್ಪೇ. ಆದರೆ ಯಾಕೆ ಹೋಗ್ತಿದ್ದೀವಿ ಅಂತ ಹೇಳದೆ ಹುಡುಗರನ್ನ ಕಳಿಸೋದೂ ತಪ್ಪು" ಅಂದರು. ಆಮೇಲೆ ಒಬ್ಬೊಬ್ಬರಾಗಿ ಮಾತಾಡಿದರು. ಶ್ರೀಲಂಕಾಕ್ಕೆ ಶಾಂತಿಪಾಲನಾ ಪಡೆಯಲ್ಲಿ ಹೋಗಿ ಬಂದವರೊಬ್ಬರು, ಅಲ್ಲಿ ಯಾರ ಪರ, ಯಾರ ವಿರುದ್ಧ ಇದ್ದೀವಿ ಅನ್ನೋದೇ ಕೆಲವು ದಿನ ಗೊತ್ತಾಗುತ್ತಿರಲಿಲ್ಲ ಅಂದರು. ಅವರ ಹೆಂಡತಿ ಪಕ್ಕದಲ್ಲೇ ಕೂತಿದ್ದರು. ಈ ಮಾತನ್ನು ಅವರೂ ಅವತ್ತೇ ಮೊದಲು ಕೇಳಿದ್ದು.

ಕೆಲಸದ ವಿಷಯಕ್ಕೆ ಬರುತ್ತೇನೆ. ಬೇರೆಯವರು ಮಾಡಬೇಕು ಅಂದರೆ ಇದೇ ಜಾಸ್ತಿ ಬೇಕಾಗೋದು.

ಮಳೆಗಾಲದಲ್ಲಿ ಮಾಡಲು ಹೋಗಬೇಡಿ. ಶೀಟಿನ ಮೇಲೆ ಮಳೆ ಬಿದ್ದರೆ ಸ್ಪೀಕರ್ ಎಷ್ಟು ದೊಡ್ಡದಿದ್ದರೂ ಕೇಳಲ್ಲ, ಕರೆಂಟಂತೂ ಇರಲ್ಲ. ಡಿಸೆಂಬರಿನಿಂದ ಕಾಫಿ ಕುಯ್ಲು. ಅದಾದ ಮೇಲೆ ಕಾಫಿ ಗಿಡ ಹೂ ಬಿಡಲಿ ಅಂತ ಸ್ಪ್ರಿಂಕ್ಲರ್ ಓಡಿಸಬೇಕು. ಹಾಗಾಗಿ ಏಪ್ರಿಲ್, ಮೇ ಒಳ್ಳೆಯದು. ಕತ್ತಲಾದ ಮೇಲೆ ಚಿತ್ರ ತೋರಿಸುವುದು ಇಲ್ಲಿ ಆಗಲ್ಲ. ತೋಟದ ದಾರಿಯಲ್ಲಿ ಆನೆ ಇರುತ್ತವೆ, ಜನ ಬೆಳಕಿರುವಾಗಲೇ ಮನೆ ಸೇರಬೇಕು. ಅದಕ್ಕೆ ನಾನು ಭಾನುವಾರ ಮಧ್ಯಾಹ್ನ ಇಟ್ಟುಕೊಳ್ಳುತ್ತೇನೆ. ಹಾಲ್ ಕತ್ತಲು ಮಾಡಲು ಕಾಫಿ ಒಣಗಿಸುವ ಟಾರ್ಪಾಲನ್ನು ಕಿಟಕಿಗೆ ಕಟ್ಟುತ್ತೇವೆ. ಸೆಖೆ ಆಗುತ್ತೆ, ನಡುವೆ ಒಮ್ಮೆ ಬಿಚ್ಚಿ ಗಾಳಿ ಬಿಡಬೇಕು.

ಸಬ್‌ಟೈಟಲ್ ಕನ್ನಡದಲ್ಲಿ ನಾನೇ ಬರೆಯುತ್ತೇನೆ. ಸಬ್‌ಟೈಟಲ್ ಎಡಿಟ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಫೈಲನ್ನು ಕನ್ನಡ ಅಕ್ಷರ ಹಿಡಿಯುವ ಯುಟಿಎಫ್-8 ಅನ್ನುವ ರೂಪದಲ್ಲಿ ಉಳಿಸಿ, ಇಲ್ಲದಿದ್ದರೆ ಅಕ್ಷರದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಒತ್ತಕ್ಷರ ಸರಿ ಕಾಣುತ್ತಾ ಅಂತ ಮೊದಲೇ ಗೋಡೆ ಮೇಲೆ ಹಾಕಿ ನೋಡಿ. ಕನ್ನಡದ ಪದ ಉದ್ದ, ಓದೋಕೆ ಹೊತ್ತು ಬೇಕು. ಹೇಳಿದ್ದನ್ನೆಲ್ಲ ಬರೆಯದೆ ಮುಖ್ಯವಾದ್ದನ್ನು ಒಂದೇ ಸಾಲಿಗೆ ಇಳಿಸುತ್ತೇನೆ. ವಯಸ್ಸಾದವರಿಗೆ ಅದೂ ಕಷ್ಟ. ಅದಕ್ಕೆ ನಮ್ಮಲ್ಲಿ ಒಬ್ಬರು ಮೈಕ್ ಹಿಡಿದು ಜೊತೆಜೊತೆಗೇ ಓದುತ್ತಾರೆ. ತೋಟದ ಕೆಲಸಗಾರರು ಇರುವ ಲೈನ್‌ಮನೆಗಳಲ್ಲಿ ತೋರಿಸಿದಾಗ ಯರವ ಅನ್ನುವ ಆದಿವಾಸಿ ಸಮುದಾಯದ ಹುಡುಗಿಯೊಬ್ಬಳು ತಮ್ಮ ಮಾತಿನಲ್ಲೇ ಹೇಳಿಕೊಟ್ಟಳು. ಆಗ ಮಕ್ಕಳೂ ಕೂತು ನೋಡಿದರು.

ಕಾನೂನನ್ನು ಹಗುರವಾಗಿ ತಗೋಬೇಡಿ. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಪ್ರಕಾರ ಸಾರ್ವಜನಿಕವಾಗಿ ತೋರಿಸಲು ಸೆನ್ಸಾರ್ ಸರ್ಟಿಫಿಕೇಟ್ ಬೇಕು, ಸಾಕ್ಷ್ಯಚಿತ್ರಕ್ಕೂ ಬೇಕು. ಹೀಗೆ ಮೊದಲೇ ಸೆನ್ಸಾರ್ ಮಾಡುವುದು ಸರಿಯಾ ಅಂತ ನಿರ್ದೇಶಕ ಕೆ. ಎ. ಅಬ್ಬಾಸ್ ಸುಪ್ರೀಂ ಕೋರ್ಟಿಗೆ ಹೋಗಿದ್ದು ತಮ್ಮ ಸಾಕ್ಷ್ಯಚಿತ್ರದ ವಿಷಯಕ್ಕೇ. 1970ರಲ್ಲಿ ಕೋರ್ಟು ಸರಿ ಅಂತಲೇ ಹೇಳಿತು. ಹಾಗಾಗಿ ಊರಿನ ಹಾಲ್‌ನಲ್ಲಿ ಸರ್ಟಿಫಿಕೇಟ್ ಇರುವ ಚಿತ್ರ ಮಾತ್ರ ಹಾಕುತ್ತೇನೆ. ಉಳಿದವನ್ನು ಪರಿಚಯದವರನ್ನಷ್ಟೇ ಕರೆದು, ನಮ್ಮ ಕುಲದ ಹಿರಿಮನೆಯಾದ ಐನ್‌ಮನೆಯ ಕಯ್ಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ನೋಡುತ್ತೇವೆ.

ಆನಂದ್ ಪಟವರ್ಧನ್ ಅವರ ‘ಜಂಗ್ ಔರ್ ಅಮನ್’ ಹಾಲ್‌ನಲ್ಲೇ ತೋರಿಸಿದ್ದು. 1998ರ ಪೋಖ್ರಾನ್ ಅಣುಬಾಂಬ್ ಪರೀಕ್ಷೆ ಆದ ಮೇಲೆ ಭಾರತ, ಪಾಕಿಸ್ತಾನ, ಜಪಾನ್, ಅಮೆರಿಕ ಸುತ್ತಿ ಮಾಡಿದ ಚಿತ್ರ ಅದು. 2002ರಲ್ಲಿ ಮುಗಿಯಿತು. ಸೆನ್ಸಾರ್ ಮಂಡಳಿ ಹಲವು ಕಡೆ ಕತ್ತರಿಸಲು ಹೇಳಿತ್ತು. 2003ರಲ್ಲಿ ಬಾಂಬೆ ಹೈಕೋರ್ಟ್ ಒಂದೂ ಕತ್ತರಿಯಿಲ್ಲದೆ ಬಿಡುಗಡೆ ಮಾಡಿಸಿತು. ಈ ಕಥೆಯನ್ನು ಮೊದಲೇ ಹೇಳಿ ಚಿತ್ರ ಹಾಕಿದೆ. ಎರಡು ಗಂಟೆಗೂ ಜಾಸ್ತಿ ಇದೆ, ಹಾಗಾಗಿ ಎರಡು ಭಾನುವಾರಕ್ಕೆ ಹಂಚಿದೆ. ಪಾಕಿಸ್ತಾನದ ಶಾಲಾ ಹುಡುಗಿಯರು ಚರ್ಚಾ ಸ್ಪರ್ಧೆಯಲ್ಲಿ ಬಾಂಬಿನ ಪರ ಮಾತಾಡಿ, ಆಮೇಲೆ ತಮ್ಮ ಮನಸ್ಸಿನಲ್ಲಿರೋದು ಬೇರೆ ಅಂತ ಹೇಳುವ ಭಾಗ ಇದೆ. ಅದನ್ನು ನೋಡಿ ಹಾಲ್‌ನಲ್ಲಿದ್ದ ಕಾಲೇಜು ಹುಡುಗರು ನಮ್ಮಲ್ಲೂ ಹಿಂಗೇ ಅಂದರು. ಒಬ್ಬ ಮಾಜಿ ಅಧಿಕಾರಿ ಮಾತ್ರ ಬಾಂಬು ಬೇಕೇ ಬೇಕು, ಅದು ಇರೋದರಿಂದಲೇ ದೊಡ್ಡ ಯುದ್ಧ ಆಗಿಲ್ಲ ಅಂತ ವಾದ ಮಾಡಿದರು. ಅವರು ತಮ್ಮ ಮಾತು ಬಿಡಲಿಲ್ಲ, ನಾನೂ ನನ್ನ ಮಾತು ಬಿಡಲಿಲ್ಲ. ಎರಡನೇ ಭಾನುವಾರವೂ ಅವರು ಬಂದರು. ಅದು ನನಗೆ ಬಹಳ ಖುಷಿ ಕೊಟ್ಟಿತು.

ಚಿತ್ರವನ್ನು ನಡುನಡುವೆ ನಿಲ್ಲಿಸುವುದು ನನ್ನ ಪದ್ಧತಿ. ಮಾತಾಡ್ತಿರೋದು ಯಾರು, ಇವರಿಗೆ ಹೇಗೆ ಗೊತ್ತು, ಯಾರನ್ನು ಕೇಳಿಲ್ಲ ಅಂತ ಕೇಳುತ್ತೇನೆ. ಈ ಪ್ರಶ್ನೆ ಸರ್ಕಾರಕ್ಕೆ ಮಾತ್ರ ಅಲ್ಲ, ಚಿತ್ರ ಮಾಡಿದವರಿಗೂ ಅನ್ವಯಿಸುತ್ತೆ. ನಿರ್ದೇಶಕರೂ ಒಂದು ಪಕ್ಷ ಹಿಡಿದಿರುತ್ತಾರೆ. ಸಂಗೀತ ಎಲ್ಲಿ ಬಂತು, ಯಾರ ಮಾತನ್ನು ಅರ್ಧಕ್ಕೆ ಕತ್ತರಿಸಿದರು ಅಂತ ನೋಡೋದನ್ನು ಕಲಿಯದಿದ್ದರೆ, ಒಬ್ಬರ ಪ್ರಚಾರ ಬಿಟ್ಟು ಇನ್ನೊಬ್ಬರದ್ದಕ್ಕೆ ಬಿದ್ದಂತೆ.

ಎಲ್ಲಕ್ಕಿಂತ ಗಟ್ಟಿ ಚರ್ಚೆ ಆಗಿದ್ದು ಎರಲ್ ಮಾರಿಸ್ ಅವರ ‘ದಿ ಫಾಗ್ ಆಫ್ ವಾರ್’ ನೋಡಿದಾಗ. 2003ರ ಚಿತ್ರ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ರಕ್ಷಣಾ ಮಂತ್ರಿಯಾಗಿದ್ದ ರಾಬರ್ಟ್ ಮೆಕ್‌ನಮಾರಾ ಅದರಲ್ಲಿ ಮಾತಾಡುತ್ತಾರೆ. 1964ರ ಆಗಸ್ಟ್ 4ರಂದು ವಿಯೆಟ್ನಾಂ ಪಕ್ಕದ ಟೊಂಕಿನ್ ಕೊಲ್ಲಿಯಲ್ಲಿ ನಮ್ಮ ಹಡಗುಗಳ ಮೇಲೆ ದಾಳಿ ಆಯಿತು ಅಂತ ಅಮೆರಿಕ ಸರ್ಕಾರ ಹೇಳಿತ್ತು. ಮೂರು ದಿನದಲ್ಲಿ ಅಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್, ದೇಶದ ಅಧ್ಯಕ್ಷರಿಗೆ ಯುದ್ಧಕ್ಕೆ ಅಧಿಕಾರ ಕೊಟ್ಟಿತು. ಆ ದಿನದ ದಾಳಿ ನಡೆದೇ ಇರಲಿಲ್ಲ ಅಂತ ಮೆಕ್‌ನಮಾರಾ ಈ ಚಿತ್ರದಲ್ಲಿ ಒಪ್ಪಿಕೊಳ್ಳುತ್ತಾರೆ. ಅಲ್ಲಿ ನಿಲ್ಲಿಸಿದೆ.

ಆಗ, ಹಿಂದೆ ವಾಯುಪಡೆಯಲ್ಲಿದ್ದ ಹಿರಿಯರೊಬ್ಬರು ನಮ್ಮ ಕೊಡಗಿನವರೇ ಆದ ಅಜ್ಜಮಾಡ ದೇವಯ್ಯ ಅವರ ವಿಷಯ ತೆಗೆದರು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲಿನ ದಾಳಿಗೆ ಹೋದ ಸ್ಕ್ವಾಡ್ರನ್ ಲೀಡರ್ ದೇವಯ್ಯ ವಾಪಸ್ ಬರಲಿಲ್ಲ. ಹಳೆಯ ಮಿಸ್ಟೇರ್ ವಿಮಾನದಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನ ಒಂದನ್ನು ಹೊಡೆದು ಉರುಳಿಸಿದ್ದು ಅವರೇ. ಅದು ನಮ್ಮವರಿಗೆ ತಿಳಿದದ್ದು 1979ರಲ್ಲಿ ಬಂದ ಒಬ್ಬ ವಿದೇಶಿ ಲೇಖಕರ ಪುಸ್ತಕದಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ನಂತರ. "ಅಲ್ಲಿ ನಡೆಯದ್ದನ್ನ ಮೂರೇ ದಿನದಲ್ಲಿ ನಂಬಿಸಿದ್ರು. ಇಲ್ಲಿ ನಡೆದದ್ದು ತಿಳಿಯೋಕೆ ಅಷ್ಟು ವರ್ಷ ಬೇಕಾಯ್ತು" ಅಂದರು ಆ ಹಿರಿಯರು. ಮಡಿಕೇರಿಯಲ್ಲಿ ದೇವಯ್ಯ ಅವರ ಪ್ರತಿಮೆ ಮುಂದೆ ದಿನಾ ಓಡಾಡುವವರೇ ಹಾಲ್‌ನಲ್ಲಿದ್ದರು. ಸುಮಾರು ಜನಕ್ಕೆ ಈ ಸಂಗತಿ ಗೊತ್ತೇ ಇರಲಿಲ್ಲ. ಯುದ್ಧದ ಸತ್ಯ ಯಾರ ಕೈಯಲ್ಲಿ ಇರುತ್ತೆ ಅಂತ ನಾನು ಎಷ್ಟು ಭಾಷಣ ಮಾಡಿದ್ದರೂ ಅಷ್ಟು ಮನಸ್ಸಿಗೆ ನಾಟುತ್ತಿರಲಿಲ್ಲ.

ಮಾಧ್ಯಮದ ಬಗ್ಗೆ ಪಿಲ್ಜರ್ ಅವರದ್ದೇ 2010ರ ‘ದಿ ವಾರ್ ಯೂ ಡೋಂಟ್ ಸೀ’ ನೋಡಿದೆವು. ಇರಾಕ್ ಯುದ್ಧದಲ್ಲಿ ಸೇನೆಯ ಜೊತೆಗೇ ಓಡಾಡಿದ ವರದಿಗಾರರು, ಸರ್ಕಾರ ಹೇಳಿದ್ದನ್ನು ಪ್ರಶ್ನಿಸದ ದೊಡ್ಡ ಹೆಸರಿನ ಪತ್ರಕರ್ತರು, ನಮ್ಮ ಕೆಲಸ ನಾವು ಸರಿ ಮಾಡಲಿಲ್ಲ ಅಂತ ಅದರಲ್ಲಿ ಹೇಳುತ್ತಾರೆ. ನಮ್ಮವರಿಗೆ ತಕ್ಷಣ ನೆನಪಾದದ್ದು 2018ರ ಆಗಸ್ಟ್. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಒಂದು ಚಾನೆಲ್ ಅದೇ ತುಣುಕನ್ನು ದಿನಗಟ್ಟಲೆ ಸಂಗೀತ ಹಾಕಿ ತಿರುಗಿಸಿತು. ಇಡೀ ಕೊಡಗೇ ಮುಳುಗಿದಂತೆ ತೋರಿಸಿತು. ಪರಿಹಾರ ಕೇಂದ್ರದಲ್ಲಿದ್ದ ಹೆಂಗಸರನ್ನು ಅಳಿಸುವ ತನಕ ಮೈಕ್ ತೆಗೆಯಲಿಲ್ಲ. ಗುಡ್ಡ ಯಾಕೆ ಕುಸಿಯಿತು, ಮನೆ ಯಾವಾಗ ಸಿಗುತ್ತೆ ಅಂತ ಕೇಳಲು ಆಮೇಲೆ ಯಾರೂ ಬರಲಿಲ್ಲ. ಅವತ್ತು ಮನೆ ಕಳೆದುಕೊಂಡಿದ್ದವರೊಬ್ಬರು ನಮ್ಮ ಜೊತೆ ಕೂತು ಇದನ್ನು ಹೇಳಿದರು. ಲೈನ್‌ಮನೆಯ ಹುಡುಗರು 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದ್ದನ್ನು ಎತ್ತಿದರು. ನಮ್ಮದನ್ನ ನಾವೇ ತೆಗೀಬೇಕು ಅಂತ ಈಗ ಮೊಬೈಲಿನಲ್ಲಿ ಹಿರಿಯರ ಮಾತು ರೆಕಾರ್ಡ್ ಮಾಡುತ್ತಿದ್ದಾರೆ. ಫೋನ್ ಅಡ್ಡ ಹಿಡಿಯಿರಿ, ಗಾಳಿ ಶಬ್ದ ಬರದ ಹಾಗೆ ಕಾಲರಿಗೆ ಚಿಕ್ಕ ಮೈಕ್ ಸಿಕ್ಕಿಸಿ, ಮೊದಲು ಕೇಳಿ ಒಪ್ಪಿಗೆ ತಗೊಳ್ಳಿ ಅಂತಷ್ಟೇ ನಾನು ಹೇಳಿಕೊಟ್ಟಿದ್ದು. ಏನು ಕೇಳಬೇಕು ಅನ್ನೋದು ಅವರಿಗೇ ಚೆನ್ನಾಗಿ ಗೊತ್ತು.

ಮುಂದಿನ ಬೇಸಿಗೆಗೆ ಪೀಟರ್ ವಾಟ್ಕಿನ್ಸ್ ಅವರ ‘ದಿ ವಾರ್ ಗೇಮ್’ ಇಟ್ಟುಕೊಂಡಿದ್ದೇನೆ. ಬ್ರಿಟನ್ ಮೇಲೆ ಅಣುಬಾಂಬ್ ಬಿದ್ದರೆ ಏನಾಗುತ್ತೆ ಅಂತ ನಟರಲ್ಲದ ಸಾಮಾನ್ಯ ಜನರನ್ನೇ ಇಟ್ಟು 1965ರಲ್ಲಿ ಮಾಡಿದ ಚಿತ್ರ. ಮಾಡಿಸಿದ ಬಿಬಿಸಿಯೇ ಅದನ್ನು 1985ರ ತನಕ ಟಿವಿಯಲ್ಲಿ ಹಾಕಲಿಲ್ಲ. ನಡುವೆ ಅದಕ್ಕೆ ಆಸ್ಕರ್ ಕೂಡ ಬಂತು. ಬಾಂಬು ಬೇಕು ಅಂದ ಆ ಮಾಜಿ ಅಧಿಕಾರಿಗೆ ಆಗಲೇ ಹೇಳಿಟ್ಟಿದ್ದೇನೆ. ಚರ್ಚೆಯನ್ನು ಈ ಸಲ ಅವರೇ ಶುರು ಮಾಡಲು ಒಪ್ಪಿದ್ದಾರೆ.