10 ಗಿಗಾಬಿಟ್ ಲೈನಿನಲ್ಲಿ 14 ಎಂಬಿ ವೇಗ

ಎರಡು ಖಂಡಗಳಲ್ಲಿರುವ ಸರ್ವರ್‌ಗಳ ನಡುವೆ ದೊಡ್ಡ ಫೈಲ್‌ಗಳನ್ನು ಸಾಗಿಸುವ ಕೆಲಸ ನನ್ನ ತಲೆಗೆ ಬಿತ್ತು. ಲೈನ್ 10 ಗಿಗಾಬಿಟ್, ಅಂದರೆ ಸೆಕೆಂಡಿಗೆ 1,250 ಎಂಬಿ. ಫೈಲ್ ನಕಲಿಸುವ ಎಸ್‌ಸಿಪಿ ಹಾಕಿದರೆ ಸೆಕೆಂಡಿಗೆ 14 ಎಂಬಿ, ಅಷ್ಟೇ. ಲೈನ್ ಕೊಟ್ಟವರಿಗೆ ಎರಡು ಸಲ ದೂರು ಕೊಟ್ಟೆ. ನಮ್ಮಲ್ಲಿ ಏನೂ ತೊಂದರೆ ಇಲ್ಲ ಅಂದರು. ನಾನು ನಂಬಲಿಲ್ಲ.

ಪಿಂಗ್ ಮಾಡಿದೆ. ಹೋಗಿ ಬರಲು 150 ಮಿಲಿಸೆಕೆಂಡ್. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಅದನ್ನು ಜಾಸ್ತಿ ಮಾಡುವುದು ಯಾರ ಕೈಲೂ ಆಗದು. ಡೇಟಾ ಸಾಗಿಸುವ ನಿಯಮವಾದ ಟಿಸಿಪಿ ಒಂದಿಷ್ಟು ಡೇಟಾ ಕಳಿಸಿ, ತಲುಪಿತು ಅನ್ನುವ ಉತ್ತರಕ್ಕೆ ಕಾಯುತ್ತದೆ. 10 ಗಿಗಾಬಿಟ್ ಅನ್ನು 0.15 ಸೆಕೆಂಡಿನಿಂದ ಗುಣಿಸಿದರೆ ಸುಮಾರು 187 ಎಂಬಿ. ಲೈನ್ ತುಂಬಬೇಕಾದರೆ ಅಷ್ಟು ಡೇಟಾ ಸದಾ ದಾರಿಯಲ್ಲಿರಬೇಕು. ನಮ್ಮ ಲಿನಕ್ಸ್‌ನಲ್ಲಿ ಪಡೆಯುವ ಬಫರ್‌ನ (ಡೇಟಾ ತಾತ್ಕಾಲಿಕವಾಗಿ ಕೂರುವ ಜಾಗ) ಮಿತಿ 6 ಎಂಬಿ, ಕಳಿಸುವುದರದ್ದು 4 ಎಂಬಿ. ಇನ್ನೆಲ್ಲಿ ತುಂಬೀತು?

ಮಿತಿಯನ್ನು 512 ಎಂಬಿಗೆ ಏರಿಸಿದೆ. ಬಫರ್‌ನ ಒಂದು ಪಾಲು ಕರ್ನಲ್‌ನ (ಲಿನಕ್ಸ್‌ನ ತಿರುಳು) ಸ್ವಂತ ಖರ್ಚಿಗೇ ಹೋಗುತ್ತದೆ, ಅದಕ್ಕೇ ಇಷ್ಟು ಧಾರಾಳ. ಮೊದಲ ದಿನ ಒಂದೇ ಕಡೆ ಬದಲಾಯಿಸಿ, ಯಾಕೆ ಏನೂ ಆಗ್ತಿಲ್ಲ ಅಂತ ಸುಮ್ನೆ ತಲೆ ಕೆರೆದುಕೊಂಡಿದ್ದೆ. ಎರಡೂ ಕಡೆ ಸರಿಮಾಡಿದ ಮೇಲೆ ವೇಗ ಅಳೆಯುವ ಐಪರ್ಫ್‌ನಲ್ಲಿ ಒಂದೇ ಸ್ಟ್ರೀಮ್ (ಒಂದು ಸಂಪರ್ಕ) 6 ಗಿಗಾಬಿಟ್ ಮುಟ್ಟಿತು. ಎಸ್‌ಸಿಪಿ ಮಾತ್ರ ಅದೇ 14! ಎಸ್‌ಸಿಪಿ ಓಡುವುದು ಓಪನ್‌ಎಸ್‌ಎಸ್‌ಎಚ್ ಮೇಲೆ, ಅದು ತನ್ನೊಳಗೆ ಇನ್ನೊಂದು ವಿಂಡೋ (ಉತ್ತರ ಬರುವ ಮೊದಲು ಕಳಿಸಬಹುದಾದ ಡೇಟಾದ ಮಿತಿ) ಇಟ್ಟುಕೊಂಡಿದೆ, 2 ಎಂಬಿಯದು. 2ನ್ನು 0.15ರಿಂದ ಭಾಗಿಸಿ, ಸುಮಾರು 13-14. ಲೆಕ್ಕ ಸರಿ ಬಂತು ಅಲ್ವಾ?

ಆದರೆ ಆ 6 ಗಿಗಾಬಿಟ್ ಕೂಡ ನಿಲ್ಲುತ್ತಿರಲಿಲ್ಲ. ಏರುತ್ತಿತ್ತು, ದಬಕ್ಕನೆ ಬೀಳುತ್ತಿತ್ತು. ಅಲ್ಲೊಂದು ಇಲ್ಲೊಂದು ಪ್ಯಾಕೆಟ್ ಕಳೆದುಹೋಗುತ್ತಿತ್ತು. ಪ್ರತಿ ಸಲವೂ ಕ್ಯೂಬಿಕ್ (ಟಿಸಿಪಿಯ ವೇಗ ನಿರ್ಧರಿಸುವ ವಿಧಾನ) ತನ್ನ ವಿಂಡೋವನ್ನು ಶೇ 30ರಷ್ಟು ಇಳಿಸುತ್ತದೆ. ಪಕ್ಕದ ರ‍್ಯಾಕಿಗೆ ಕಳಿಸುವಾಗ ಇದು ಗೊತ್ತೇ ಆಗದು, ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಏರಿರುತ್ತದೆ. ದೂರದ ಲೈನಿನಲ್ಲಿ ಒಂದೊಂದು ಮೆಟ್ಟಿಲಿಗೂ 150 ಮಿಲಿಸೆಕೆಂಡ್. ಕೊನೆಗೆ ನಮ್ಮದೇ ಸ್ವಿಚ್‌ನ ಒಂದು ಪೋರ್ಟಿನಲ್ಲಿ ಸಿಆರ್‌ಸಿ ಎರರ್ (ಡೇಟಾ ಕೆಟ್ಟು ಬಂದದ್ದರ ಗುರುತು) ಸಿಕ್ಕಿತು. ಫೈಬರ್ ಕನೆಕ್ಟರ್ ತುದಿಯಲ್ಲಿ ಕೊಳೆ! ಒರೆಸಿದೆ, ಎರರ್ ನಿಂತಿತು. ಲೈನ್ ಕೊಟ್ಟವರಿಗೆ ಕ್ಷಮೆ ಕೇಳಿ ಮೇಲ್ ಹಾಕಿದೆ.

ಕ್ಯೂಬಿಕ್ ಬದಲು ಬಳಸಬಹುದಾದ ಬಿಬಿಆರ್ ಕೂಡ ನೋಡಿದೆ. ಲಿನಕ್ಸ್ 4.9ರಿಂದಲೇ ಇದೆ, ಕಳಿಸುವ ಕಡೆ ಮಾತ್ರ ಬದಲಾಯಿಸಿದರೆ ಸಾಕು. ಆದರೆ ಹಂಚಿಕೊಂಡ ಲೈನಿನಲ್ಲಿ ಬೇರೆಯವರ ಪಾಲಿಗೂ ಕೈ ಹಾಕಬಹುದು ಅನ್ನುವ ಅಳುಕಿನಿಂದ ಬಿಟ್ಟೆ.

ಈಗ ಎಸ್‌ಸಿಪಿ ಬದಲು ಹಲವು ಸ್ಟ್ರೀಮ್‌ಗಳಲ್ಲಿ ಒಟ್ಟಿಗೆ ಫೈಲ್ ಸಾಗಿಸುವ ಗ್ರಿಡ್‌ಎಫ್‌ಟಿಪಿ, 4 ಸ್ಟ್ರೀಮ್. 20 ಗಂಟೆ ಹಿಡಿಯುತ್ತಿದ್ದ 1 ಟಿಬಿ ಈಗ 20 ನಿಮಿಷದಲ್ಲಿ ಹೋಗುತ್ತದೆ. ಸದ್ಯಕ್ಕೆ ಕಾಯಿಸುತ್ತಿರುವುದು ಆ ಕಡೆಯ ಡಿಸ್ಕ್.